ಕನ್ನಡ ಮೀಡಿಯಂ ಬೇಟೆನಾಯಿ

ನಮ್ಮ ಮನೆಗೆ ಮೊಟ್ಟೆ ಹಾಕಿದ ಕೇಕು ಕೂಡ ಬರುವುದಿಲ್ಲ. ಅಂಥ ಮನೆಯ ಯಜಮಾನರು ಪದ್ಮನಾಭನಗರದ ನಡುರಸ್ತೆಯಲ್ಲಿ ನಿಂತು, ಕಾಲುಚೀಲಕ್ಕೆ ಹೊಟ್ಟು ತುಂಬಿ ಪಾರಿವಾಳದ ಪುಕ್ಕ ಅಂಟಿಸಿದ್ದನ್ನು ಮೇಲಕ್ಕೆಸೆದು, ಬಾಯಲ್ಲೇ "ಢಂ" ಅಂದು, ನಾಯಿಗೆ ಹಕ್ಕಿಬೇಟೆ ಕಲಿಸುತ್ತಿದ್ದರು. ನಾನು ಚೂಡಾಮಣಿ, ಆ ಯಜಮಾನರ ಹೆಂಡತಿ. ಕಾಲುಚೀಲ ನನ್ನ ತಮ್ಮ ಉಡುಗೊರೆ ಕೊಟ್ಟದ್ದು. ಪುಕ್ಕ ನಮ್ಮ ಬಾಲ್ಕನಿಯಲ್ಲೇ ಧಾರಾಳವಾಗಿ ಸಿಗುತ್ತಿತ್ತು.

ನಾಯಿಯನ್ನು ತಂದುಬಿಟ್ಟವಳು ಮಗಳು ಸುರಭಿ. ಬಿಟಿಎಂ ಲೇಔಟಿನ ಅವಳ ಬಾಡಿಗೆ ಮನೆಯ ಓನರು ತಕರಾರು ತೆಗೆದರಂತೆ. "ಎರಡೇ ವಾರ ಅಮ್ಮ, ಪ್ಲೀಸ್" ಅಂದಳು. ಲ್ಯಾಬ್ರಡಾರ್ ರಿಟ್ರೀವರ್ ಜಾತಿ, ಬೆಣ್ಣೆ ಬಣ್ಣ, ಮೂರು ತಿಂಗಳ ಮರಿ. ಆ ಎರಡು ವಾರ ಇನ್ನೂ ಮುಗಿದಿಲ್ಲ, ನಾಯಿಗೆ ಮಾತ್ರ ಒಂದೂವರೆ ವರ್ಷ ತುಂಬಿತು.

ನಮ್ಮವರು ರಾಮಪ್ರಸಾದ, ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಭಾಷಾಂತರದ ಕೆಲಸ ಮಾಡಿ ನಿವೃತ್ತರಾದವರು. ಇಂಗ್ಲಿಷಿನ ಪದಕ್ಕೆ ಕನ್ನಡದಲ್ಲಿ ಹೊಸ ಪದ ಕಟ್ಟುವುದು ಅವರ ಕಸುಬು. ಕಟ್ಟಿದ್ದು ಸಾವಿರಾರು. ಚಾರ್ಜರಿಗೆ ವಿದ್ಯುತ್ಪೂರಕ, ಪೆನ್‌ಡ್ರೈವಿಗೆ ಸ್ಮೃತಿಕೀಲ, ಸ್ಪೀಡ್‌ಬ್ರೇಕರಿಗೆ ವೇಗಭಂಜಕ. ಕಟ್ಟಿದ್ದೇ ಬಂತು, ಒಂದೇ ಒಂದನ್ನು ಯಾರಾದರೂ ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ. ಒಮ್ಮೆ ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯಲ್ಲಿ ಇವರು ಹಟ ಹಿಡಿದು "ಒಂದು ವಿದ್ಯುತ್ಪೂರಕ ಕೊಡಿ" ಎಂದಾಗ ಅಂಗಡಿಯವನು, "ಅದು ಆಯುರ್ವೇದಿಕ್ ಅಂಗಡೀಲಿ ಸಿಗುತ್ತೆ ಸಾರ್" ಅಂದ. ಇವರು ಮನೆಗೆ ಬಂದು ಊಟ ಮಾಡಲಿಲ್ಲ. ಆವತ್ತು ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ನಾಯಿಗೆ ಹೆಸರನ್ನೂ ಇವರೇ ಇಟ್ಟರು: ಮೃಗಯ. ಮೃಗಯಾ ಎಂದರೆ ಬೇಟೆ, ರಿಟ್ರೀವರು ಬೇಟೆಯ ನಾಯಿಯಾದ್ದರಿಂದ ಅನ್ವರ್ಥವಂತೆ. ಮನೆಕೆಲಸದ ಸೊಣ್ಣಮ್ಮ ಎರಡು ದಿನ ನಾಲಿಗೆ ಹೊರಳಿಸಿ ನೋಡಿ, ಮೂರನೆಯ ದಿನ "ಮುರ್ಗಯ್ಯ" ಅಂದಳು. ನಾಯಿ ಓಡಿಬಂತು. ಅಲ್ಲಿಗೆ ಅದರ ಹೆಸರು ಮುರ್ಗಯ್ಯ ಎಂದೇ ಆಯಿತು. ಇವರೊಬ್ಬರು ಮಾತ್ರ ಮೃಗಯ, ಮೃಗಯ ಎಂದು ಕರೆಯುತ್ತಲೇ ಇದ್ದರು, ಅದು ತನ್ನ ಪಾಡಿಗೆ ಮಲಗಿರುತ್ತಿತ್ತು.

ಮುರ್ಗಯ್ಯ ಮೊದಲು ಸೋಫಾದ ಒಂದು ಕೈ ತಿಂದ. ಆಮೇಲೆ ನನ್ನ ಎರಡು ಜೊತೆ ಚಪ್ಪಲಿ. ಆಮೇಲೆ ಇವರು ಸಂಪಾದಿಸಿದ ಇಲಾಖೆಯ ಪದಕೋಶದ ಮೂರನೇ ಸಂಪುಟ. ಆ ಸಂಪುಟವನ್ನು ಮೊದಲ ಪುಟದಿಂದ ಕೊನೆಯವರೆಗೆ ಬಿಡದೆ ಅರಗಿಸಿಕೊಂಡ ಮೊದಲ ಜೀವ ಅದೇ ಇರಬೇಕು. ಇವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ನಾಯಿಯ ಮುಖವನ್ನು ತುಂಬಾ ಹೊತ್ತು ನೋಡುತ್ತ ಕುಳಿತರು.

ಹಾಗೆ ನಾವು ಸುಶ್ರುತನ ಹತ್ತಿರ ಹೋದದ್ದು. ಪದ್ಮನಾಭನಗರದಲ್ಲಿ ಏನಕ್ಕುಂಟು ಏನಕ್ಕಿಲ್ಲ, ಎಲ್ಲದಕ್ಕೂ ಟ್ಯೂಷನ್ ಇದೆ. ಒಂದು ಕಟ್ಟಡದ ಕೆಳಗಿನ ಮಹಡಿಯಲ್ಲಿ ಮಕ್ಕಳಿಗೆ ಸಿಇಟಿ ಕೋಚಿಂಗ್, ಮೇಲಿನದರಲ್ಲಿ ನಾಯಿಗಳಿಗೆ ಸುಶ್ರುತನ ಕೋಚಿಂಗ್. ಮೂವತ್ತರ ಹುಡುಗ, ಯಾವುದೋ ವಿದೇಶದ ಸಂಸ್ಥೆಯಿಂದ ಆನ್‌ಲೈನಿನಲ್ಲಿ ಸರ್ಟಿಫಿಕೇಟು ತೆಗೆದುಕೊಂಡವನು. ಮೆಟ್ಟಿಲ ಮೇಲೆ ಎರಡೂ ಕಡೆಯ ತಂದೆತಾಯಿಗಳು ಎದುರಾಗುತ್ತಿದ್ದರು. ಮುಖದ ಚಿಂತೆ ನೋಡಿದರೆ ಯಾರು ಯಾವ ಮಹಡಿಯವರು ಎಂದು ಹೇಳಲಾಗುತ್ತಿರಲಿಲ್ಲ.

"ಇವ್ನಿಗೆ ಕೆಲ್ಸ ಇಲ್ಲ ಮೇಡಂ, ಅದಕ್ಕೇ ಸೋಫಾ ತಿಂತಿದಾನೆ" ಅಂದ ಸುಶ್ರುತ. "ಬೇಟೆಗಾರ ಹೊಡೆದ ಹಕ್ಕೀನ ಹಲ್ಲು ತಾಗಿಸ್ದೆ ಎತ್ಕೊಂಬಂದು ಕೈಗೆ ಕೊಡೋದು ಇವ್ನ ಬ್ಲಡ್ಡಲ್ಲೇ ಇದೆ. ಅದನ್ನ ಕಲಿಸ್ಲೇಬೇಕು."

"ಬೇಟೆ ಬ್ಯಾನ್ ಅಲ್ವೇನಪ್ಪ?" ಅಂದೆ.

"ಬೇಟೆ ಬ್ಯಾನ್ ಮೇಡಂ. ಟ್ರೈನಿಂಗ್ ಬ್ಯಾನ್ ಇಲ್ವಲ್ಲ."

ಸಿಲಬಸ್ಸು ಮಾತ್ರ ಭರ್ತಿಯಾಗಿತ್ತು. ಕೋವಿಯ ಸದ್ದಿಗೆ ಹೆದರದಿರುವುದು, ಸದ್ದಾದಾಗ ಕೂತಲ್ಲೇ ಕೂತಿರುವುದು, ಹಕ್ಕಿ ಎಲ್ಲಿ ಬಿತ್ತೆಂದು ಕಣ್ಣಲ್ಲೇ ಗುರುತಿಟ್ಟುಕೊಳ್ಳುವುದು, ಅಪ್ಪಣೆಯಾದ ಮೇಲೆ ಹೋಗಿ ಮೆತ್ತಗೆ ಕಚ್ಚಿ ತರುವುದು. ಕೋವಿಗೆ ಬದಲು ಪಟಾಕಿ, ಹಕ್ಕಿಗೆ ಬದಲು ಕ್ಯಾನ್ವಾಸಿನ ಬೊಂಬೆ. ಕೊನೆಗೆ ಕನಕಪುರ ರಸ್ತೆಯ ಕಡೆಯ ಒಂದು ತೋಟದಲ್ಲಿ ಪರೀಕ್ಷೆ. ಕೆಳಮಹಡಿಯ ಮಕ್ಕಳಿಗಾದರೂ ಎಲ್ಲೋ ಒಂದು ಸೀಟಿನ ಆಸೆಯಿತ್ತು, ಮೇಲಿನವರಿಗೆ ಮುಂದೆ ಹಕ್ಕಿಯೇ ಇಲ್ಲ.

ಸುಶ್ರುತನ ಅಪ್ಪಣೆಗಳೆಲ್ಲ ಇಂಗ್ಲಿಷು. ಮೊದಲ ತರಗತಿಯಲ್ಲೇ ನಮ್ಮವರು ಎದ್ದು ನಿಂತರು. "ಕನ್ನಡ ನೆಲದ ನಾಯಿಗೆ ಕನ್ನಡದಲ್ಲೇ ಶಿಕ್ಷಣ ಕೊಡಬೇಕು" ಅಂದರು. ಒಂದು ವಾರ ಬಾಗಿಲು ಹಾಕಿಕೊಂಡು ಕುಳಿತು ಪದಗಳನ್ನು ಕಟ್ಟಿದರು. ಅವುಗಳಲ್ಲಿ ಕಿರೀಟವೆಂದರೆ, ಹೋಗಿ ಹಕ್ಕಿ ತಾ ಎನ್ನುವುದಕ್ಕೆ ಇವರು ಕಟ್ಟಿದ ಪದ: ಪ್ರತ್ಯಾನಯಿಸು.

"ಪ್ರತಿ, ಆನಯನ. ಮರಳಿ ತರುವುದು" ಎಂದು ನನಗೆ ಬಿಡಿಸಿ ಹೇಳಿದರು. ಮುಖದಲ್ಲಿ ಮದುಮಗನ ಕಳೆ.

ಸುಶ್ರುತ ಒಳ್ಳೆಯವನು, ಹಿರಿಯರ ಮನಸ್ಸು ನೋಯಿಸುವವನಲ್ಲ, ವ್ಯಾಪಾರವೂ ಗೊತ್ತು. "ಸಾರ್, ನಿಮ್ ನಾಯಿ ಈ ವರ್ಡಿಗೆ ಪಾಸಾದ್ರೆ ನಮ್ ಮ್ಯಾನ್ಯುಯಲ್ಲಲ್ಲಿ ಪ್ರಿಂಟ್ ಮಾಡಿಸ್ತೀನಿ. ಸಪರೇಟಾಗಿ ಒಂದು ಕನ್ನಡ ಬ್ಯಾಚೇ ಶುರು ಮಾಡೋಣ" ಅಂದ. ಆವತ್ತಿನಿಂದ ಇವರಿಗೆ ನಾಯಿಯೂ ಬೇಡ, ಹಕ್ಕಿಯೂ ಬೇಡ. ತಾನು ಕಟ್ಟಿದ ಒಂದು ಪದವನ್ನು ಬದುಕಿರುವಾಗಲೇ ಬೇರೆಯವರ ಬಾಯಲ್ಲಿ ಕೇಳಬೇಕು, ಅಷ್ಟೇ. ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯ ಮುಂದೆ "ಪ್ರತ್ಯಾನಯಿಸು" ಎಂದು ಏರುದನಿಯಲ್ಲಿ, ಇಳಿದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಅರವತ್ತನಾಲ್ಕು ವರ್ಷದ ಗಂಡಸು.

ಪಾಠ ನಡೆಯುತ್ತಿದ್ದ ರೀತಿ ಹೀಗೆ. ಇವರು ಕಾಲುಚೀಲದ ಹಕ್ಕಿ ಎಸೆಯುವರು. "ಢಂ" ಎನ್ನುವರು. ಮುರ್ಗಯ್ಯ ಕೂರುವನು. "ಪ್ರತ್ಯಾನಯಿಸು" ಎನ್ನುವರು. ಮುರ್ಗಯ್ಯ ಇವರ ಮುಖವನ್ನೇ ನೋಡುವನು. ಇನ್ನೊಂದು ಸಲ ಎನ್ನುವರು. ಮತ್ತೆ ನೋಡುವನು. "ಪರವಾಗಿಲ್ಲ, ಗಮನ ಕೊಡ್ತಿದಾನೆ" ಎಂದು ಇವರು ಒಂದು ಚಪಾತಿ ಚೂರು ಬಾಯಿಗಿಡುವರು. ಹೀಗೆ ಮೂರು ತಿಂಗಳು. ಸುಮ್ಮನೆ ಕೂತು ಮುಖ ನೋಡಿದರೆ ಚಪಾತಿ ಸಿಗುವಾಗ ಓಡಿಹೋಗಲು ಅದಕ್ಕೇನು ಹುಚ್ಚೇ?

"ನೀವು ಅದಕ್ಕೆ ಕೂತ್ಕೊಳೋದು ಕಲಿಸ್ತಿದೀರ ಕಣ್ರೀ" ಅಂದೆ.

"ನಿಂಗೆ ಬೋಧನಾಕ್ರಮ ಗೊತ್ತಿಲ್ಲ, ಸುಮ್ನಿರು."

ಒಂದು ದಿನ ಸೊಣ್ಣಮ್ಮ ಅಂಗಳ ತೊಳೆಯುತ್ತಿದ್ದಳು. ಹಕ್ಕಿ ಹೋಗಿ ಅವಳ ಬಕೆಟ್ಟಿನ ಪಕ್ಕ ಬಿತ್ತು. ಇವರು ಆರನೆಯ ಸಲ ಪ್ರತ್ಯಾನಯಿಸು ಅಂದರು. ಸೊಣ್ಣಮ್ಮ ಪೊರಕೆ ನಿಲ್ಲಿಸಿ, "ಅದೇನ್ ಸಾಮಿ, ನಾಯಿಗೆ ಮಂತ್ರ ಹೇಳ್ಕೊಡ್ತಾ ಇದೀರಾ?" ಅಂದಳು. ಹಕ್ಕಿಯನ್ನೆತ್ತಿ ಗೇಟಿನಾಚೆ ಬೀಸಿ ಎಸೆದು, ನಾಯಿಯ ಬೆನ್ನಿಗೊಂದು ಮೆತ್ತನೆ ಏಟು ಕೊಟ್ಟು, "ಹೋಗ್ಬಾ" ಅಂದಳು. ಮುರ್ಗಯ್ಯ ಚಂಗನೆ ಹಾರಿದ, ತಂದ, ಅವಳ ಒದ್ದೆ ಕೈಗೆ ಇಟ್ಟ. ಕಾಲುಚೀಲದ ಒಂದು ಎಳೆ ಕೂಡ ಕಿತ್ತಿರಲಿಲ್ಲ.

ಸೊಣ್ಣಮ್ಮ ಕೋಣನಕುಂಟೆಯವಳು. ಅದು ಹಳ್ಳಿಯಾಗಿದ್ದ ಕಾಲದಲ್ಲಿ ಅವಳಪ್ಪ ನಾಯಿ ಕಟ್ಟಿಕೊಂಡು, ಕೋಳಿಯ ಹಾಗಿರುವ ಕಂದು ಗೌಜಲಹಕ್ಕಿ ಹಿಡಿಯಲು ಹೋಗುತ್ತಿದ್ದನಂತೆ. "ನಮ್ಮಪ್ಪ ಹೋಗ್ಬಾ ಅನ್ನೋನು, ನಾಯಿ ಹೋಗ್ ಬರೋದು. ಇನ್ನೇನ್ ಐತೆ ಅದ್ರಲ್ಲಿ" ಅಂದಳು. ಇಡೀ ಪದ್ಮನಾಭನಗರದಲ್ಲಿ ಹಕ್ಕಿಬೇಟೆ ಕಣ್ಣಾರೆ ಕಂಡವಳು ಅವಳೊಬ್ಬಳೇ. ಆರು ವರ್ಷದಿಂದ ನಮ್ಮ ಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಕೇಳಿದವರು ಯಾರು?

ನಮ್ಮವರ ಮುಖ ಸಣ್ಣದಾಯಿತು. "ಅದು ಗ್ರಾಮ್ಯ. ಪರೀಕ್ಷೆಗೆ ನಡೆಯಲ್ಲ" ಎಂದು ಒಳಗೆ ಹೋದರು.

ಗ್ರಾಮ್ಯವೋ ಏನೋ, ಕಷ್ಟ ಶುರುವಾದದ್ದು ನನಗೆ. ನಮ್ಮಲ್ಲಿ ಹೊರಟವರಿಗೆ "ಹೋಗಿ" ಅನ್ನುವ ಹಾಗಿಲ್ಲ. ಅನ್ನಬಾರದ್ದು ಅದು. ಹೊರಡುವವರೂ "ಹೋಗ್ತೀನಿ" ಅನ್ನುವುದಿಲ್ಲ, "ಬರ್ತೀನಿ" ಎಂದೇ ಹೋಗುತ್ತಾರೆ. ನಾವು "ಹೋಗ್ಬನ್ನಿ" ಅನ್ನಬೇಕು. ಬಾ ಆದರೇನು, ಬನ್ನಿ ಆದರೇನು, "ಹೋಗ್ಬ" ಎಂಬಷ್ಟು ಕಿವಿಗೆ ಬಿದ್ದರೆ ಮುರ್ಗಯ್ಯನಿಗೆ ಸಾಕಿತ್ತು. ಗೌರಿಹಬ್ಬಕ್ಕೆ ಪಕ್ಕದ ಮನೆಯ ರೇಖಾ ಅರಿಶಿನ ಕುಂಕುಮಕ್ಕೆ ಬಂದಿದ್ದಳು. ತಾಂಬೂಲ, ತೆಂಗಿನಕಾಯಿ ಕೊಟ್ಟು ಗೇಟಿನವರೆಗೆ ಬಂದು "ಹೋಗ್ಬನ್ನಿ" ಅಂದೆ. ಅವಳು ಹತ್ತು ಹೆಜ್ಜೆ ಹೋಗಿರಲಿಲ್ಲ, ಮುರ್ಗಯ್ಯ ಅವಳ ಚೀಲದಿಂದ ತೆಂಗಿನಕಾಯಿಯನ್ನು ನಯವಾಗಿ ಎತ್ತಿಕೊಂಡು ಬಂದು ನನ್ನ ಕೈಗಿಟ್ಟ. ಕೊಟ್ಟ ಕಾಯಿಯನ್ನು ನಾಯಿ ಬಿಟ್ಟು ವಾಪಸ್ಸು ಕಿತ್ತುಕೊಂಡರು ಎಂದು ನಾಲ್ಕು ರಸ್ತೆಗೆ ಸುದ್ದಿಯಾಯಿತು.

ಅಂದಿನಿಂದ ಬಂದವರು ಹೊರಟರೆ ನಾನು ಮೂಕಿಯ ಹಾಗೆ ಕೈ ಹಿಡಿದು ಹಲ್ಲು ಕಿರಿಯುತ್ತಿದ್ದೆ. ಚೂಡಾಮಣಿಗೆ ಈಚೆಗೆ ಕೊಬ್ಬು ಬಂದಿದೆ ಎಂದು ಜನ ಮಾತಾಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

ಪರೀಕ್ಷೆಯ ದಿನ ಭಾನುವಾರ ಬೆಳಿಗ್ಗೆ. ತೋಟದಲ್ಲಿ ಶಾಮಿಯಾನ, ಉಪ್ಪಿಟ್ಟು, ಕಾಫಿ. ಹನ್ನೆರಡು ನಾಯಿ, ಮೂವತ್ತು ಜನ ಪೋಷಕರು. ನನ್ನ ಪಕ್ಕದ ಕುರ್ಚಿಯಲ್ಲಿ ಗಿರಿನಗರದ ಕಮಲಾದೇವಿ. ಅವರ ಯಜಮಾನರು ಕೊಟ್ರಪ್ಪ ಬೇಳೆಕಾಳಿನ ವ್ಯಾಪಾರಿ, ಶುದ್ಧ ಶಾಕಾಹಾರಿಗಳು. ಅವರ ನಾಯಿ ಆಗಲೇ ಫೇಲಾಗಿತ್ತು. "ಮನೇಲಿ ಚೆನ್ನಾಗೇ ತರ್ತಿತ್ತು ರೀ, ಇಲ್ಲಿ ಟೆನ್ಶನ್ ಮಾಡ್ಕೊಂಡ್ಬಿಡ್ತು" ಎಂದು ಆಕೆ ಕಣ್ಣು ಒರೆಸಿಕೊಂಡರು.

ನಡುವೆ ಬೇಲಿಯ ಬುಡದಿಂದ ಒಂದು ಕಂದು ಹಕ್ಕಿ ನಾಲ್ಕು ಮರಿಗಳನ್ನು ಕಟ್ಟಿಕೊಂಡು ಹೊರಬಂದು ಪರೀಕ್ಷೆಯ ಮೈದಾನವನ್ನು ಅಡ್ಡ ದಾಟಿತು. ಹನ್ನೆರಡು ಬೇಟೆನಾಯಿಗಳೂ ಅದನ್ನು ನೋಡಿ ಆಕಳಿಸಿದವು. ಯಾವುದೋ ಕೋಳಿ ಇರಬೇಕು ಎಂದು ಒಬ್ಬರು ಫೋಟೋ ತೆಗೆದರು. ಹಕ್ಕಿ ಅಡ್ಡ ಬಂದದ್ದರಿಂದ ಪರೀಕ್ಷೆಗೆ ಐದು ನಿಮಿಷ ತಡವಾಯಿತು ಎಂದು ಸುಶ್ರುತ ಮೈಕಿನಲ್ಲಿ ಕ್ಷಮೆ ಕೇಳಿದ.

ಮುರ್ಗಯ್ಯನ ಸರದಿ ಬಂತು. ನಮ್ಮವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಗೆರೆಯ ಮೇಲೆ ನಿಂತರು. ದೂರದಲ್ಲಿ ಪಟಾಕಿ ಸಿಡಿಯಿತು, ಕ್ಯಾನ್ವಾಸಿನ ಹಕ್ಕಿ ಹುಲ್ಲಿನಲ್ಲಿ ಬಿತ್ತು. ಮುರ್ಗಯ್ಯ ಕೂತ. ಇವರು ಎದೆ ಸೆಟೆಸಿ ಹೇಳಿದರು.

"ಪ್ರತ್ಯಾನಯಿಸು."

ಮುರ್ಗಯ್ಯ ಇವರ ಮುಖ ನೋಡಿದ.

"ಮೃಗಯ, ಪ್ರತ್ಯಾನಯಿಸು."

ಬಾಲ ಒಂದು ಸಲ ಅಲ್ಲಾಡಿತು. ನಾಯಿ ಅಲುಗಲಿಲ್ಲ. ಜನ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಯಾರೋ ಕಿಸಕ್ಕನೆ ನಕ್ಕರು. ಇವರ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಮೂರು ಸಲ ಮಾತ್ರ ಅವಕಾಶ. ನನ್ನ ಬಾಯಲ್ಲಿ ಆ ಎರಡಕ್ಷರ ಕೂತಿತ್ತು. ನಾನದನ್ನು ಅಂದುಬಿಟ್ಟರೆ ನಾಯಿ ಗೆಲ್ಲುತ್ತದೆ, ಇವರು ಸೋಲುತ್ತಾರೆ. ಅನ್ನದಿದ್ದರೆ ಇಬ್ಬರೂ ಸೋಲುತ್ತಾರೆ, ಆದರೆ ಕೊನೆಯ ಪಕ್ಷ ತನ್ನ ಪದ ಹೇಳಿಯೇ ಸೋತೆ ಎಂಬುದೊಂದು ಇವರಿಗೆ ಉಳಿಯುತ್ತದೆ. ಹಲ್ಲು ಕಚ್ಚಿಕೊಂಡು ಕುಳಿತೆ.

ಇವರು ಮೂರನೆಯ ಸಲ ಹೇಳಿದರು. ಈ ಸಲ ಏರುದನಿಯೂ ಇರಲಿಲ್ಲ, ಇಳಿದನಿಯೂ ಇರಲಿಲ್ಲ. ಬೇಡುವ ಹಾಗಿತ್ತು.

ಅದೇ ಹೊತ್ತಿಗೆ ಕಮಲಾದೇವಿ ಎದ್ದರು. "ನಾವಿನ್ನ ಬರ್ತೀವಿ ರೀ" ಅಂದರು. ನಾನು ಬರೀ ತಲೆಯಾಡಿಸಿದೆ. "ಮನೇಲಿ ನೆಂಟ್ರು ಕಾಯ್ತಿದಾರೆ, ಬರ್ತೀವಿ" ಅಂದರು. ನಾನು ನಾಯಿಯನ್ನೇ ನೋಡುತ್ತಿದ್ದೆ. ಆಕೆ ನನ್ನ ಭುಜ ಮುಟ್ಟಿ, ಬಗ್ಗಿ, "ಬರ್ಲಾ ಹಂಗಾರೆ?" ಅಂದರು. ಮೂರು ಸಲ ಬರ್ತೀನಿ ಅಂದ ಮುತ್ತೈದೆಗೆ ಯಾರು ತಾನೇ ಮಾತಾಡದೆ ಇರುತ್ತಾರೆ? ಆಣೆ ಮಾಡಿ ಹೇಳುತ್ತೇನೆ, ಬೇಕೆಂದು ಅನ್ನಲಿಲ್ಲ. ಐವತ್ತೆಂಟು ವರ್ಷದ ಅಭ್ಯಾಸ, ಬಾಯಿಂದ ಜಾರಿತು.

"ಹೋಗ್ಬನ್ನಿ" ಅಂದೆ.

ಮುರ್ಗಯ್ಯ ಬಿಟ್ಟ ಬಾಣದ ಹಾಗೆ ಹೋದ. ಹುಲ್ಲಿನಲ್ಲಿ ಮೂತಿಯಿಟ್ಟು ಹಕ್ಕಿಯನ್ನು ಎತ್ತಿ, ನೆಟ್ಟಗೆ ತಂದು, ನಮ್ಮವರ ಮುಂದೆ ಕೂತು, ಕೈಗಿಟ್ಟ. ಶಾಮಿಯಾನವೇ ಎದ್ದು ಚಪ್ಪಾಳೆ ತಟ್ಟಿತು. "ಸಖತ್ ಸಾರ್" ಎಂದು ಸುಶ್ರುತ ಓಡಿಬಂದ. "ಏನ್ ಸ್ಟೆಡಿನೆಸ್ ಗುರು. ಮೂರ್ ಸಲ ಕನ್ಫರ್ಮ್ ಮಾಡ್ಕೊಂಡೇ ಹೋದ." ಪದ ಸ್ವಲ್ಪ ಉದ್ದ, ಆದ್ದರಿಂದ ನಾಯಿಯ ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ ಎಂದು ಎಲ್ಲರಿಗೂ ವಿವರಿಸಿದ. ನಮ್ಮವರು ಕೈಯಲ್ಲಿ ಹಕ್ಕಿ ಹಿಡಿದು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸರ್ಟಿಫಿಕೇಟು ಇಸಕೊಂಡರು.

ಕಾರಿನಲ್ಲಿ ಬನಶಂಕರಿಯವರೆಗೂ ಇವರು ಸರ್ಟಿಫಿಕೇಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ನಾನಂದದ್ದು ಕೇಳಿಸಿತೋ ಇಲ್ಲವೋ ಎಂದು ಇವರ ಮುಖವನ್ನು ಕದ್ದು ಕದ್ದು ನೋಡುತ್ತಿದ್ದೆ. ಕೇಳಿಸಿದ್ದರೆ ಇವರು ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೆ. ಹಿಂದಿನ ಸೀಟಿನಲ್ಲಿ ಮುರ್ಗಯ್ಯ ಗೊರಕೆ ಹೊಡೆಯುತ್ತಿದ್ದ.

ಕೊಟ್ಟ ಮಾತಿನಂತೆ ಸುಶ್ರುತ ಮ್ಯಾನ್ಯುಯಲ್ ಅಚ್ಚು ಹಾಕಿಸಿದ. ಹದಿನಾಲ್ಕನೇ ಪುಟದಲ್ಲಿ ದಪ್ಪಕ್ಷರದಲ್ಲಿ "ಪ್ರತ್ಯಾನಯಿಸು: ಹೋಗಿ ಹಕ್ಕಿಯನ್ನು ತರಲು." ಭಾನುವಾರದ ಕನ್ನಡ ಬ್ಯಾಚಿಗೆ ಹನ್ನೊಂದು ನಾಯಿ ಸೇರಿದವು, ಫೇಲಾಗಿದ್ದ ಕಮಲಾದೇವಿಯವರ ನಾಯಿಯೂ ಅದರಲ್ಲೊಂದು. ಆದರೆ ಮಾದರಿ ತೋರಿಸಲು ನಿಲ್ಲಿಸಿದ್ದು ಮುರ್ಗಯ್ಯನನ್ನು. ನಮ್ಮವರು ಪದ ಹೇಳುವರು, ಮುರ್ಗಯ್ಯ ಕೂತು ಮುಖ ನೋಡುವನು, ಚಪಾತಿ ತಿನ್ನುವನು. ನೋಡಿದ ನಾಯಿಗಳು ಅದನ್ನೇ ಕಲಿತವು. ಒಂದು ತಿಂಗಳೊಳಗೆ ಪದ್ಮನಾಭನಗರದ ಮೈದಾನದಲ್ಲಿ ಯಾರು ಎಲ್ಲಿ ಪ್ರತ್ಯಾನಯಿಸು ಅಂದರೂ ಹನ್ನೆರಡು ನಾಯಿ ದಬಕ್ಕನೆ ಕೂತುಬಿಡುತ್ತಿದ್ದವು. ಕಲ್ಲು ಹೊಡೆದರೂ ಏಳುತ್ತಿರಲಿಲ್ಲ. "ಇಂಡಿಯಾದಲ್ಲೇ ಇಂಥ ಸ್ಟೆಡಿನೆಸ್ ಇಲ್ಲ" ಎಂದು ಸುಶ್ರುತ ಎಲ್ಲರಿಗೂ ವಿಡಿಯೋ ಕಳಿಸುತ್ತಿದ್ದ. ಹಕ್ಕಿ ತರುವ ಮಾತನ್ನು ಯಾರೂ ಎತ್ತಲಿಲ್ಲ. ಮೊದಲಿಂದಲೂ ಹಕ್ಕಿ ಯಾರಿಗೆ ಬೇಕಿತ್ತು?

ಹೋದ ಭಾನುವಾರ ನಾನೂ ಮೈದಾನಕ್ಕೆ ಹೋಗಿದ್ದೆ. ಪಾಠ ಮುಗಿದು ಜನ ಹೊರಟಿದ್ದರು. ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಎದುರಿಗೆ ಕೊಟ್ರಪ್ಪನವರು ಫೋನಿನಲ್ಲಿ ಬೇಳೆಯ ಧಾರಣೆ ಮಾತಾಡುತ್ತ ನೋಡದೆ ರಸ್ತೆಗಿಳಿದರು. ತಿರುವಿನಿಂದ ಬಸ್ಸು ಬರುತ್ತಿತ್ತು. ಹಿಂದಿದ್ದ ಕಮಲಾದೇವಿಗೆ ಏನು ಅನ್ನಬೇಕೋ ತೋಚಲಿಲ್ಲ, ತಿಂಗಳಿಂದ ಬಾಯಿಗೆ ಹತ್ತಿದ್ದೇ ಹೊರಬಂತು.

"ರೀ, ಪ್ರತ್ಯಾನಯಿಸು!"

ಕೊಟ್ರಪ್ಪನವರು ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದರು. ಬಸ್ಸು ಅವರ ಹೊಟ್ಟೆಯ ಮುಂದೆ ಸವರಿಕೊಂಡು ಹೋಯಿತು. ಗಂಡ ಹೆಂಡತಿ ಏನೂ ಆಗಿಲ್ಲವೆಂಬಂತೆ ಬೈದಾಡಿಕೊಂಡು ರಸ್ತೆ ದಾಟಿದರು. ಆಡಿದ ಪದದ ಮೇಲೆ ಇಬ್ಬರಿಗೂ ಗಮನವೇ ಇರಲಿಲ್ಲ.

ನಾನು ಇವರತ್ತ ತಿರುಗಿದೆ. ಇವರ ಕಣ್ಣು ತುಂಬಿತ್ತು. ಮೂವತ್ತೇಳು ವರ್ಷದ ಸಂಸಾರದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅವತ್ತು ತೋಟದಲ್ಲಿ..." ಎಂದು ಶುರು ಮಾಡಿದೆ.

"ಕೇಳಿಸ್ತು" ಅಂದರು. "ನೀನು ಬೇಕು ಅಂತ ಅನ್ಲಿಲ್ಲ ಅಂತಾನೂ ಗೊತ್ತು. ಕಮಲಮ್ಮ ನಿನ್ನ ಭುಜ ಅಲ್ಲಾಡ್ಸಿದ್ದು ನೋಡ್ದೆ."

"ಗೊತ್ತಿದ್ದೂ ಮ್ಯಾನ್ಯುಯಲ್ಲಲ್ಲಿ ಹಾಕಿಸ್ಕೊಂಡ್ರಾ?"

"ಹ್ಞೂಂ. ಹಾಕಿಸ್ಕೊಂಡೆ." ಅಷ್ಟೇ ಅಂದರು. ಮುಚ್ಚಿಡುವ ಹಾಗೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಈಗ ಅದರ ಅರ್ಥನೇ ಉಲ್ಟಾ ಆಯ್ತಲ್ರೀ. ಹೋಗಿ ತಾ ಅನ್ನೋದು ಹೋಗಿ, ಅಲ್ಲೇ ನಿಲ್ಲು ಅಂತ ಆಗ್ಹೋಯ್ತು."

"ಆಗ್ಲಿ ಬಿಡೇ. ಅರ್ಥ ತಪ್ಪಿದ್ರೂ ಒಬ್ರ ಬಾಯಲ್ಲಿ ಬಂತಲ್ಲ" ಅಂದರು.

ಬಿಸಿಲೇರಿತು. ಮುರ್ಗಯ್ಯ ಮನೆಯ ದಿಕ್ಕಿಗೆ ಸರಪಳಿ ಜಗ್ಗುತ್ತಿದ್ದ. ಏಳಿ, ಅಡುಗೆಯಾಗಬೇಕು ಅಂದೆ. ಇವರು ಏಳಲಿಲ್ಲ. ಆ ರಸ್ತೆಯಲ್ಲಿ ಇನ್ನೊಂದು ಸಲ ಯಾರಾದರೂ ಅನ್ನುತ್ತಾರೇನೋ ಎಂದು ಕಿವಿಗೊಟ್ಟು ಕುಳಿತೇ ಇದ್ದರು.